ಕಸ್ತೂರಿಯ ಸೊನ್ನೆ

ಕಾರಿನಲ್ಲಿ ಚಾಲಕನ ಪಕ್ಕ ಕೂತವರ ಬಲಗಾಲನ್ನು ನೀವು ಎಂದಾದರೂ ಗಮನಿಸಿದ್ದೀರಾ? ಎದುರಿಗೆ ಎಮ್ಮೆ ಬಂದರೆ, ಲಾರಿ ಅಡ್ಡ ತಿರುಗಿದರೆ, ಆ ಕಾಲು ತಾನಾಗಿಯೇ ನೆಲ ಒತ್ತುತ್ತದೆ. ಅಲ್ಲಿ ಬ್ರೇಕಿಲ್ಲ, ಬರೀ ಮ್ಯಾಟು. ಆದರೂ ಒತ್ತುತ್ತದೆ. ಕಾರು ಮಾಡುವ ಕಸುಬಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನಾನು ಐವತ್ತು ದಾಟುವವರೆಗೂ ಅದನ್ನು ನೋಡಿರಲಿಲ್ಲ. ನೋಡಿದ ದಿನ ಮಾತ್ರ ನನ್ನಂಥ ಜಾಣ ಇನ್ನೊಬ್ಬನಿಲ್ಲ ಎಂದುಕೊಂಡೆ.

ನನ್ನ ಹೆಸರು ಚನ್ನಬಸವ ಯಲಿಗಾರ. ಧಾರವಾಡದ ಹೊರವಲಯದಲ್ಲಿರುವ ಧ್ರುವಚಕ್ರ ಮೋಟರ್ಸ್ ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದ ಮುಖ್ಯಸ್ಥ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ ಎಂದು ಕಾರ್ಖಾನೆಗೆಲ್ಲ ಹೆಸರಾದವನು. ಅದನ್ನು ನಾನು ಗುಣವೆಂದೇ ತಿಳಿದಿದ್ದೆ. ಸಿಟ್ಟಿಲ್ಲದವನ ಕೈಯಲ್ಲಿ ಕೆಲಸ ಆಗುವುದಿಲ್ಲ ಎಂದು ಹೊಸದಾಗಿ ಸೇರಿದ ಹುಡುಗರಿಗೆ ಪಾಠ ಕೂಡ ಹೇಳುತ್ತಿದ್ದೆ.

ಆ ದಿನ ಸವದತ್ತಿ ರಸ್ತೆಯಲ್ಲಿ ಬರುತ್ತಿದ್ದೆವು. ಪಕ್ಕದಲ್ಲಿ ನನ್ನ ಹೆಂಡತಿ ಕಸ್ತೂರಿ. ನಾನು ಯಾವುದೋ ವಿಷಯಕ್ಕೆ ಏನೋ ಹೇಳುತ್ತಿದ್ದೆ, ಸ್ವಲ್ಪ ಜೋರಾಗಿಯೇ. ಅಷ್ಟರಲ್ಲಿ ಅವಳ ಬಲಗಾಲು ಮ್ಯಾಟನ್ನು ಗಟ್ಟಿಯಾಗಿ ಒತ್ತಿತು. ಏನಿದು ಎಂದು ನಾನು ಕಣ್ಣು ಹೊರಳಿಸುವಷ್ಟರಲ್ಲಿ ಹೊಲದ ದಾರಿಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಧುತ್ತೆಂದು ರಸ್ತೆಗೆ ಬಂತು. ಬ್ರೇಕು ತುಳಿದೆ, ಉಳಿದೆವು. ಮನೆ ಮುಟ್ಟುವವರೆಗೆ ನನ್ನ ತಲೆಯಲ್ಲಿ ಒಂದೇ ಮಾತು: ಅವಳ ಕಾಲಿಗೆ ನನ್ನ ಕಣ್ಣಿಗಿಂತ ಅರೆ ಸೆಕೆಂಡು ಮೊದಲೇ ಗೊತ್ತಾಗಿತ್ತು.

ವಿಚಾರ ಸರಳ. ಕಾರಿಗೆ ಕ್ಯಾಮೆರಾ ಇದೆ, ರೇಡಾರ್ ಇದೆ. ಅವು ಎದುರಿಗೆ ಬಂದದ್ದನ್ನು ಕಾಣುತ್ತವೆ. ಆದರೆ ಇನ್ನೇನು ಹೊರಳಲಿರುವ ಎಮ್ಮೆಯ ಕತ್ತು, ಬೇಲಿಯ ಮೇಲೆ ಕದಲುವ ಕಬ್ಬಿನ ತುದಿ, ಗೋಡೆಯ ಮರೆಯಿಂದ ಚಾಚಿದ ನೆರಳು, ಇವೆಲ್ಲ ಮನುಷ್ಯನ ಮೈಗೆ ಮೊದಲು ತಿಳಿಯುತ್ತವೆ. ಚಾಲಕನಿಗೆ ಗೇರು, ಕನ್ನಡಿ, ಮುಂದಿನ ಗಾಡಿ ಎಂಬ ನೂರು ಚಿಂತೆ. ಪಕ್ಕ ಕೂತವರಿಗೆ ಸುತ್ತಮುತ್ತ ನೋಡಲು ಪುರಸೊತ್ತಿದೆ. ಹಾಗಾದರೆ ಪಕ್ಕ ಕೂತವರ ಭಯವನ್ನೇ ಕಾರು ಓದುವಂತಾದರೆ?

ಎರಡು ವರ್ಷ ಹಗಲೆಲ್ಲ ಅದೇ ಕೆಲಸ. ಮ್ಯಾಟಿನ ಕೆಳಗೆ ಅರವತ್ನಾಲ್ಕು ಒತ್ತಡದ ಬಿಲ್ಲೆಗಳು, ಬಾಗಿಲ ಮೇಲಿನ ಹಿಡಿಕೆಯಲ್ಲಿ ನಾಲ್ಕು, ಸೀಟಿನಲ್ಲಿ ತೊಡೆ ಬಿಗಿಯುವುದನ್ನು ಅಳೆಯುವ ಪಟ್ಟಿ, ಸೀಟು ಬೆಲ್ಟಿನಲ್ಲಿ ಉಸಿರು ಎಣಿಸುವ ಎಳೆ. ಇವೆಲ್ಲವನ್ನೂ ಕೂಡಿಸಿ ಕಂಪ್ಯೂಟರು ಒಂದೇ ಒಂದು ಅಂಕಿ ಕೊಡುತ್ತದೆ. ಅದಕ್ಕೆ ನಾವು ‘ಅಳುಕು’ ಎಂದು ಹೆಸರಿಟ್ಟೆವು. ಸೊನ್ನೆ ಎಂದರೆ ನೆಮ್ಮದಿ, ನೂರು ಎಂದರೆ ಜೀವಭಯ. ಅಳುಕು ಮೂವತ್ತು ದಾಟಿದರೆ ಚಾಲಕನನ್ನು ಕೇಳದೆ ಕಾರು ತಾನೇ ಬ್ರೇಕು ಹಾಕುತ್ತದೆ.

ಆದರೆ ಸೊನ್ನೆ ಎಲ್ಲಿಂದ ತರುವುದು? ಉಷ್ಣಮಾಪಕ ಮಾಡುವವನಿಗೆ ಕರಗುವ ಮಂಜುಗಡ್ಡೆ ಇದೆ. ನಮಗೆ ಒಬ್ಬ ಶಾಂತ ಮನುಷ್ಯ ಬೇಕಾಗಿತ್ತು. ಕಾರಿನಲ್ಲಿ ದಿನವೂ ಕೂತು, ತನ್ನ ನೆಮ್ಮದಿಯನ್ನು ಯಂತ್ರಕ್ಕೆ ಕಲಿಸುವ ಆಧಾರ ಪ್ರಯಾಣಿಕ. ಸಭೆಯಲ್ಲಿ ಈ ಪ್ರಶ್ನೆ ಬಂದಾಗ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

“ನಮ್ಮ ಮನಿಯಾಕಿ ಅದಾಳಲ್ಲ! ಇಪ್ಪತ್ತೈದು ವರ್ಷ ಆತು ನನ್ನ ಬಾಜೂಕ ಕೂಡಾಕ ಹತ್ತಿ. ಒಂದ ದಿನ ‘ಸಾವಕಾಶ ಹೋಗ್ರಿ’ ಅಂದಾಕಿ ಅಲ್ಲ. ಆಕಿಗಿಂತ ಶಾಂತ ಮನಷ್ಯಾರು ಈ ಜಿಲ್ಲಾದಾಗ ಸಿಗೂದಿಲ್ಲ.”

ಎಲ್ಲರೂ ನಕ್ಕರು, ಒಪ್ಪಿದರು. ನಮ್ಮಲ್ಲಿ ಅದೊಂದು ರೂಢಿ. ಹೊಸ ಗಾಡಿಯನ್ನು ಎಂಜಿನಿಯರು ಮನೆಗೆ ಒಯ್ದು ಮನೆಮಂದಿಯನ್ನು ಕೂಡಿಸಿ ಓಡಿಸಬೇಕು. ಹನ್ನೆರಡು ಎಂಜಿನಿಯರರ ಮನೆಗೆ ಹನ್ನೆರಡು ಗಾಡಿ ಹೋದವು. ಅವುಗಳಲ್ಲಿ ಸೊನ್ನೆಯ ಗಾಡಿ ನನ್ನದು. ಸಂತೆಗೆ, ದವಾಖಾನೆಗೆ, ಹುಬ್ಬಳ್ಳಿಯ ಅವಳ ತಂಗಿಯ ಮನೆಗೆ, ಹತ್ತೊಂಬತ್ತು ತಿಂಗಳು ಕಸ್ತೂರಿ ಅದರಲ್ಲಿ ಕೂತಳು. ಪ್ರತಿ ಶನಿವಾರ ನಮ್ಮ ಪರೀಕ್ಷಾ ಚಾಲಕ ಫಕೀರಪ್ಪ ಮನೆಗೆ ಬಂದು ಗಾಡಿಯ ಅಂಕಿಗಳು ದಾಖಲಾಗುವ ಪೆಟ್ಟಿಗೆ ಬದಲಿಸಿ, ಅವಳ ಕೈಯ ಚಹಾ ಕುಡಿದು ಹೋಗುತ್ತಿದ್ದ.

ನಡುವೆ ಒಂದು ಸಣ್ಣ ಸಂಗತಿ ನಡೆಯಿತು. ಅಂಕಿ ಒಮ್ಮೊಮ್ಮೆ ಸೊನ್ನೆಗಿಂತ ಕೆಳಗೆ ಹೋಗುತ್ತಿದೆ, ಏನು ಮಾಡೋಣ ಎಂದು ಒಬ್ಬರು ಕೇಳಿದರು. ನನಗೆ ತಲೆ ಚಿಟ್ಟು ಹಿಡಿಯಿತು. “ಅಂಜಿಕಿ ಮೈನಸ್ ಹೆಂಗ ಆಗತೈತ್ರೀ? ಕೆಳಗ ಹೋದ್ರ ಸೊನ್ನಿ ಅಂತ ತೋರಸ್ರಿ, ಮುಗೀತು” ಎಂದು ಕೂಗಿದೆ. ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ಹಾಗೆಯೇ ಒಂದು ಸಾಲು ಬರೆಸಿದೆ. ಮತ್ತೆ ಯಾರೂ ಆ ಪ್ರಶ್ನೆ ಎತ್ತಲಿಲ್ಲ.

ಇನ್ನು ಮಾರುವ ಕೆಲಸ. ಅದರ ಹೊಣೆ ಬೆಳಗಾವಿಯ ಚಿನ್ಮಯ ಕೊಪ್ಪೀಕರನದು. ಮಾತಿನಲ್ಲೇ ಮನೆ ಕಟ್ಟುವವನು. ಗಾಡಿ ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ. ಜೀಪಿನ ಎತ್ತರ, ಕಾರಿನ ಮೆತ್ತಗೆ, ಐದು ಜನ ಕೂತು ಹಿಂದೆ ನಾಲ್ಕು ಬ್ಯಾಗು ಇಡಬಹುದು. ಇಂಥ ಎಸ್‌ಯುವಿಗಳನ್ನು ಎಲ್ಲ ಕಂಪನಿಯವರೂ ಮಾಡುತ್ತಾರೆ, ಒಂದರ ಮುಖ ಇನ್ನೊಂದಕ್ಕೆ ಇಟ್ಟರೂ ಗೊತ್ತಾಗುವುದಿಲ್ಲ. ಆದ್ದರಿಂದ ಕೊಪ್ಪೀಕರ ಗಾಡಿಯನ್ನು ಬಿಟ್ಟು ಅಳುಕನ್ನೇ ಮಾರಿದ. ‘ನೆಮ್ಮದಿ’ ಎಂಬ ಹೆಸರನ್ನು ಹೊರದೇಶದವರ ನಾಲಿಗೆಗೆ ತಕ್ಕಂತೆ ಕತ್ತರಿಸಿ ‘ನೆಮಾ’ ಮಾಡಿದ. ನಲವತ್ತು ಭಾಷೆಗಳಲ್ಲಿ ಅದಕ್ಕೆ ಕೆಟ್ಟ ಅರ್ಥ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಜಾಹೀರಾತಿನಲ್ಲಿ ಪ್ರತಿ ದೇಶಕ್ಕೂ ಬೇರೆ ಹೆಣ್ಣುಮಗಳು, ಬೇರೆ ರಸ್ತೆ. ಕೆಲವು ದೇಶಗಳಲ್ಲಿ ಅವಳು ಎಡಕ್ಕೆ ಕೂತಿದ್ದಾಳೆ, ಕೆಲವೆಡೆ ಬಲಕ್ಕೆ. ಎಲ್ಲ ಕಡೆಯೂ ಕಾಲು ಒಂದೇ, ಕೊನೆಯ ಮಾತೂ ಒಂದೇ: “ನಿಮ್ಮವರ ಎದೆಬಡಿತ ಕೇಳುವ ಕಾರು.”

ಟಿವಿಯವರು ನಮ್ಮ ಮನೆಗೂ ಬಂದರು. ನೆಮಾದ ಮೊದಲ ಪ್ರಯಾಣಿಕಳನ್ನು ಜಗತ್ತಿಗೆ ತೋರಿಸಬೇಕಂತೆ. ಕಸ್ತೂರಿ ಇಳಕಲ್ ಸೀರೆ ಉಟ್ಟು ಸೋಫಾದ ಅಂಚಿನಲ್ಲಿ ಕೂತಳು.

“ಮೇಡಂ, ಸರ್ ಗಾಡಿ ಓಡಿಸುವಾಗ ನಿಮಗೆ ಯಾವತ್ತಾದ್ರೂ ಭಯ ಆಗಿದ್ದುಂಟಾ?” ಎಂದು ಟಿವಿಯ ಹುಡುಗಿ ಕೇಳಿದಳು.

ಕಸ್ತೂರಿ ನನ್ನ ಕಡೆ ನೋಡಿದಳು. “ಆಕಿಗೆ ಎಲ್ಲೀ ಭಯ!” ಎಂದು ನಾನೇ ಉತ್ತರ ಕೊಟ್ಟೆ. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆ ತುಣುಕನ್ನು ಲಕ್ಷಾಂತರ ಜನ ನೋಡಿದರು.

ಹನ್ನೊಂದು ತಿಂಗಳಲ್ಲಿ ಅರವತ್ತೊಂದು ಸಾವಿರ ಗಾಡಿ ಹೋದವು. ಕಾರ್ಖಾನೆಯ ಅಂಗಳದಲ್ಲಿ ಪೇಢೆ ಹಂಚಿದೆವು. ಹಂಚಿದ ಮೂರನೇ ವಾರ ಪೋರ್ಚುಗಲ್‌ನಿಂದ ಸುದ್ದಿ ಬಂತು.

ಗುಡ್ಡದ ಮೇಲಿನ ಒಂದು ಊರು. ಕಿರಿದಾದ ರಸ್ತೆ, ಎರಡೂ ಕಡೆ ಕಲ್ಲಿನ ಗೋಡೆ. ಗಂಡ ಓಡಿಸುತ್ತಿದ್ದ, ಹೆಂಡತಿ ಪಕ್ಕದಲ್ಲಿದ್ದಳು. ಗೋಡೆಯ ಸಂದಿನಿಂದ ಒಬ್ಬ ಮುದುಕ ಸೈಕಲ್ಲಿನಲ್ಲಿ ಬರುವುದು ಅವಳಿಗೆ ಮೊದಲು ಗೊತ್ತಾಯಿತು. ಕಾಲು ಒತ್ತಿದಳು, ಹಿಡಿಕೆ ಹಿಡಿದಳು. ನೆಮಾ ಬ್ರೇಕು ಹಾಕಲಿಲ್ಲ. ಗಂಡ ಹಾಕುವಷ್ಟರಲ್ಲಿ ತಡವಾಗಿತ್ತು. ಮುದುಕ ಬದುಕಿದ, ಆದರೆ ಮೊಣಕಾಲಿನ ಕೆಳಗೆ ಒಂದು ಕಾಲು ಹೋಯಿತು. “ನಾನು ಒತ್ತಿದೆ, ಕಾರು ಕೇಳಲಿಲ್ಲ” ಎಂದು ಆ ಹೆಂಗಸು ಅಳುತ್ತ ಹೇಳಿದ್ದನ್ನು ನಾನು ಪರದೆಯ ಮೇಲೆ ನೋಡಿದೆ. ಆ ವಾರ ನನಗೆ ಊಟ ಸೇರಲಿಲ್ಲ. ಅಷ್ಟರಲ್ಲೇ ಇನ್ನೆರಡು ದೇಶಗಳಿಂದ ಅಂಥದೇ ದೂರು ಬಂತು.

ನಾನು ಮೊದಲು ಮಾಡಿದ್ದು ಮ್ಯಾಟಿನ ಬಿಲ್ಲೆ ಪೂರೈಸುವವರಿಗೆ ಫೋನು ಹಚ್ಚಿ ಬೈದದ್ದು. ಇಪ್ಪತ್ತು ನಿಮಿಷ ಬೈದೆ. ನಾಲ್ಕು ಸಾವಿರ ಮ್ಯಾಟು ಹೊಸದಾಗಿ ತರಿಸಿ ಹಾಕಿಸಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ನಫೀಸಾ ಬಾಗವಾನ ನನ್ನ ಕೋಣೆಗೆ ಬಂದಳು. ಅಂಕಿಗಳ ಲೆಕ್ಕ ನೋಡುವ ಎಂಜಿನಿಯರು ಅವಳು, ಧಾರವಾಡದವಳೇ. ಮೆಲು ಮಾತಿನವಳು, ಆದರೆ ಹಿಡಿದದ್ದನ್ನು ಬಿಡುವವಳಲ್ಲ. ಬಾಗಿಲು ಮುಂದೆ ಮಾಡಿ ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟಳು.

“ಸರ್, ಬಿಲ್ಲಿ ಸರಿ ಅದಾವ್ರಿ. ಸೊನ್ನಿ ತಪ್ಪೈತಿ.”

“ಅಂದ್ರ?”

“ನೀವು ಕೆಳಗಿನ ಅಂಕಿ ಕತ್ತರಸಾಕ ಒಂದ ಸಾಲು ಬರಸಿದ್ರಲ್ಲ, ಅದನ್ನ ತಗದು ನೋಡೇನ್ರಿ. ಪೋರ್ಚುಗಲ್ ಮೇಡಂದು ದಿನಾ ಬರೂ ಅಂಕಿ ಮೈನಸ್ ಮೂವತ್ತಾರು. ಅವತ್ತ ಆಕಿ ಒತ್ತಿದಾಗ ಇಪ್ಪತ್ತೆರಡಕ್ಕ ಬಂದೈತಿ. ಐವತ್ತೆಂಟು ಏರೈತ್ರಿ ಸರ್. ಅಷ್ಟು ಅಂಜ್ಯಾಳ. ಆದ್ರ ಮೂವತ್ತು ದಾಟಿಲ್ಲ, ಅದಕ್ಕ ಗಾಡಿ ಸುಮ್ಮ ಕೂತೈತಿ.”

ಗಂಟು ಮುಖ ಮಾಡಿಕೊಂಡು, “ಆಕಿ ಒಬ್ಬಾಕಿದು ನೋಡಿ ಹೇಳಬ್ಯಾಡ” ಎಂದೆ.

“ಅರ್ಧಕ್ಕಿಂತ ಹೆಚ್ಚ ಗಾಡಿ ಹಂಗ ಅದಾವ್ರಿ. ಮೈನಸ್ ಇಪ್ಪತ್ತು, ಮೂವತ್ತು, ನಲವತ್ತು. ಅವ್ರೆಲ್ಲಾ ಆರಾಮ ಕೂತಾರ. ನಾವು ಯಾವುದನ್ನ ನೆಮ್ಮದಿ ಅಂತ ಹಿಡದೇವಿ ನೋಡ್ರಿ, ಅದು ನೆಮ್ಮದಿ ಅಲ್ಲ.”

“ಮತ್ತ ಮನಿ ಪರೀಕ್ಷಾದಾಗ ಯಾಕ ಗೊತ್ತಾಗಲಿಲ್ಲ? ಹನ್ನೆರಡು ಮನಿ ಇದ್ದುವಲ್ಲ?”

“ಹನ್ನೆರಡರಾಗ ಏಳು ಮನಿ ನಿಮ್ಮ ಮನಿ ಹಂಗ ಅದಾವ್ರಿ ಸರ್. ಸೊನ್ನಿ ಹತ್ರನ. ಐದು ಮನಿ ಕೆಳಗಿದ್ದುವು. ಅವನ್ನ ಕತ್ತರಿಸಿಬಿಟ್ಟೇವಿ.”

ನಾನು ಎದ್ದು ನಿಂತೆ. ಏನೇನು ಕೂಗಿದೆನೋ ಈಗ ನೆನಪಿಲ್ಲ. ನಮ್ಮ ಮನೆಯ ವಿಷಯ ಮಾತಾಡಲು ನೀನು ಯಾರು ಎಂದೆ. ನಾನು ಜೀವನದಲ್ಲಿ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ ಎಂದೆ. ನಫೀಸಾ ಅಂಥ ಪ್ರಶ್ನೆ ಕೇಳಿರಲೇ ಇಲ್ಲ. ನಾನು ನಿಲ್ಲಿಸಿದಾಗ ಅವಳ ಕುರ್ಚಿ ಮೇಜಿನಿಂದ ಒಂದು ಮೊಳ ಹಿಂದೆ ಸರಿದಿತ್ತು. ಲ್ಯಾಪ್‌ಟಾಪ್ ಮಾತ್ರ ಅಲ್ಲೇ ಇತ್ತು.

“ನಾ ಹೇಳಿದ್ದು ಸುಳ್ಳಿರಬಹುದ್ರಿ ಸರ್” ಎಂದಳು. “ಒಂದ ಸಲ ಮೇಡಂ ಅವ್ರನ್ನ ಬ್ಯಾರೆ ಚಾಲಕನ ಬಾಜೂಕ ಕೂಡಿಸಿ ನೋಡೂಣ್ರಿ. ಅಂಕಿ ಸೊನ್ನಿ ಬಂದ್ರ ನಾ ತಪ್ಪೊಪ್ಪಿಕೋತೀನಿ.”

ಅವಳು ತಪ್ಪು ಎಂದು ತೋರಿಸುವುದಕ್ಕೇ ನಾನು ಒಪ್ಪಿದೆ.

ಸಂಜೆ ಮನೆಗೆ ಹೋದಾಗ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ನಾಳೆ ಕಾರ್ಖಾನೆಗೆ ಬರಬೇಕು, ಪರೀಕ್ಷಾ ರಸ್ತೆಯಲ್ಲಿ ಅರ್ಧ ತಾಸು ಗಾಡಿಯಲ್ಲಿ ಕೂಡಬೇಕು ಎಂದೆ.

“ನೀವು ಓಡಸ್ತೀರೇನು?”

“ಇಲ್ಲ, ಫಕೀರಪ್ಪ.”

“ನೀವು ಹಿಂದ ಕೂಡತೀರಿ?”

“ಇಲ್ಲ. ನಾ ಆಫೀಸಿನ್ಯಾಗ ಇರತೀನಿ.”

“ಹಂಗಾರ ಬರತೀನ್ರಿ” ಎಂದಳು, ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅವಳು ಅಷ್ಟು ಬೇಗ ಒಪ್ಪಿದ್ದು ನನಗೆ ಆಗ ವಿಚಿತ್ರವೆನಿಸಲಿಲ್ಲ.

ಮರುದಿನ ಹತ್ತು ಗಂಟೆಗೆ ನಿಯಂತ್ರಣ ಕೋಣೆಯಲ್ಲಿ ನಾವಿಬ್ಬರೇ, ನಾನು ಮತ್ತು ನಫೀಸಾ. ಪರದೆಯ ಮೇಲೆ ಒಂದು ಹಸಿರು ಗೆರೆ, ಪಕ್ಕದಲ್ಲಿ ಅಂಕಿ. ಕಾರಿನೊಳಗಿನ ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು. ಗಾಡಿ ಹೊರಟಾಗ ಅಂಕಿ ಸೊನ್ನೆಯ ಆಸುಪಾಸಿನಲ್ಲಿತ್ತು. ನಾನು ನಫೀಸಾಳ ಕಡೆ ಗೆದ್ದವನಂತೆ ನೋಡಿದೆ.

ಮೊದಲ ತಿರುವು ದಾಟುವಷ್ಟರಲ್ಲಿ ಅಂಕಿ ಮೈನಸ್ ಒಂಬತ್ತಾಯಿತು. ಎರಡನೇ ತಿರುವಿಗೆ ಮೈನಸ್ ಇಪ್ಪತ್ತೊಂದು.

ಕಸ್ತೂರಿ ಮಾತಾಡುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುವ ಮಾತಲ್ಲ, ತಾನಾಗಿಯೇ ಆಡುವ ಮಾತು. ಫಕೀರಪ್ಪನ ಮಗಳ ಹೊಲಿಗೆ ಅಂಗಡಿ ಹೇಗೆ ನಡೆದಿದೆ ಎಂದು ವಿಚಾರಿಸಿದಳು. ಕಿಟಕಿ ಇಳಿಸಿದಳು. ಗಾಳಿಯ ಸದ್ದಿನ ನಡುವೆ ಅವಳ ದನಿ ಏರಿತು.

“ಫಕೀರಪ್ಪಣ್ಣ, ನಾ ಕಾಲೇಜಿನ್ಯಾಗ ಇದ್ದಾಗ ಸೈಕಲ್ ರೇಸಿನ್ಯಾಗ ಎರಡನೇ ನಂಬರ್ ಬಂದಿದ್ದೆ, ಗೊತ್ತೈತೇನು? ಇಳಿಜಾರಿನ್ಯಾಗ ಬ್ರೇಕ ಹಿಡಿತಿದ್ದಿಲ್ಲ ನಾನು.”

“ಹೌದೇನ್ರಿ ಅಕ್ಕಾರ! ನಿಮ್ಮನ್ನ ನೋಡಿದ್ರ ಹಂಗ ಕಾಣಂಗಿಲ್ಲ ಬಿಡ್ರಿ.”

“ಎಷ್ಟೈತಿ ಈಗ ಸ್ಪೀಡು?”

“ತೊಂಬತ್ತೈತ್ರಿ.”

“ಇನ್ನೂ ಜೋರ ಬಿಡ್ರಲ್ಲ!” ಎಂದಳು ನನ್ನ ಹೆಂಡತಿ, ಮತ್ತು ಕಿಲಕಿಲ ನಕ್ಕಳು. ನೂರಾ ಹತ್ತಕ್ಕೆ ಗಾಡಿ ಏರಿದಾಗ ಅಂಕಿ ಮೈನಸ್ ಮೂವತ್ತೆಂಟಕ್ಕೆ ಬಂದು ಅಲ್ಲೇ ನಿಂತಿತು.

ಇಪ್ಪತ್ತೈದು ವರ್ಷಕ್ಕೂ ಮೇಲೆ ಒಂದೇ ಸೂರಿನಡಿ ಇದ್ದವನು ನಾನು. ಅವಳು ಸೈಕಲ್ ತುಳಿಯುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ.

ಮೊದಲೇ ಗೊತ್ತು ಮಾಡಿದಂತೆ ನಾಲ್ಕನೇ ಸುತ್ತಿನಲ್ಲಿ ರಬ್ಬರಿನ ಎಮ್ಮೆಯನ್ನು ಪೊದೆಯ ಮರೆಯಿಂದ ರಸ್ತೆಗೆ ನೂಕಿದರು. ಕಸ್ತೂರಿ ಚಿಟ್ಟನೆ ಚೀರಿದಳು. ಅಂಕಿ ಜಿಗಿಯಿತು, ಹದಿನೇಳಕ್ಕೆ ಬಂದು ನಿಂತಿತು. ಕಾರು ಬ್ರೇಕು ಹಾಕಲಿಲ್ಲ. ಫಕೀರಪ್ಪ ಪಕ್ಕಕ್ಕೆ ತಿರುಗಿಸಿ ತಾನೇ ನಿಲ್ಲಿಸಿದ. ಅಲ್ಲಿ ನಿಜವಾದ ಎಮ್ಮೆ ಇದ್ದರೆ, ನಿಜವಾದ ಮುದುಕ ಇದ್ದರೆ ಎಂದು ನಾನು ಹೇಳಬೇಕಾಗಿಯೇ ಇರಲಿಲ್ಲ. ನಫೀಸಾ ಪರದೆಯತ್ತಲೇ ನೋಡುತ್ತ ಕೂತಿದ್ದಳು.

“ತಪ್ಪು ಒಪ್ಪಿದೆ” ಎಂದೆ ನಾನು. ಈ ಎರಡು ಶಬ್ದ ಆ ಕೋಣೆಯಲ್ಲಿ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಸರಿ, ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ನನ್ನೊಳಗೆ ಇನ್ನೂ ಒಂದು ಹಟ ಉಳಿದಿತ್ತು. ನಾನು ಗಾಡಿ ಓಡಿಸುವ ರೀತಿಗೆ ಅವಳು ಹೆದರುತ್ತಾಳೆ, ಅಷ್ಟೇ ಎಂದುಕೊಂಡೆ. ಅದನ್ನು ತಿದ್ದಿಕೊಳ್ಳಬಹುದು.

ಅದೇ ಅಂಕಿ, ಅದೇ ಮಾತು ಬರುವ ಟ್ಯಾಬ್ಲೆಟ್ ಕೈಯಲ್ಲಿ ಹಿಡಿದು ಪರೀಕ್ಷಾ ರಸ್ತೆಯ ಕೊನೆಗೆ ನಡೆದು ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ದೂರದಲ್ಲಿ ನೀಲಿ ನೆಮಾ ತಿರುಗಿ ನನ್ನ ಕಡೆ ಬರತೊಡಗಿತು. ಅಂಕಿ ಮೈನಸ್ ಮೂವತ್ತೇಳು. ಗಾಡಿ ನಿಧಾನವಾಗಿ, ಹೂವಿನ ಮೇಲೆ ಬಂದಂತೆ ಬರುತ್ತಿತ್ತು. ಸುಮಾರು ಮುನ್ನೂರು ಮೀಟರು ಇರುವಾಗ ಟ್ಯಾಬ್ಲೆಟ್‌ನಲ್ಲಿ ಅವಳ ಮಾತು ನಿಂತಿತು. ಮೈನಸ್ ಇಪ್ಪತ್ತೆಂಟು. ಕಿಟಕಿಯ ಗಾಜು ಮೇಲೇರಿತು. ಮೈನಸ್ ಹದಿನಾರು. ನಾನು ಏನೂ ಮಾಡಿರಲಿಲ್ಲ. ಕೈ ಬೀಸಿರಲಿಲ್ಲ, ಬಾಯಿ ತೆರೆದಿರಲಿಲ್ಲ, ಸುಮ್ಮನೆ ನಿಂತಿದ್ದೆ. ಮೈನಸ್ ಐದು. ಗಾಡಿ ನನ್ನ ಮುಂದೆ ಬಂದು ನಿಂತಾಗ ಅಂಕಿ ಸೊನ್ನೆಯ ಮೇಲಿತ್ತು.

ಕಸ್ತೂರಿ ಇಳಿದು ಸೆರಗು ಸರಿಮಾಡಿಕೊಂಡು, “ಸರಿ ಆತೇನ್ರಿ?” ಎಂದು ಕೇಳಿದಳು. ಸರಿ ಆತು ಎಂದೆ. ಅರವತ್ತೊಂದು ಸಾವಿರ ಗಾಡಿಗಳಿಗೆ ನಾವು ನೆಮ್ಮದಿ ಎಂದು ಕಲಿಸಿದ್ದು ಇದನ್ನು.

ಕೊಪ್ಪೀಕರ ಸುದ್ದಿ ಕೇಳಿ ತಲೆ ಮೇಲೆ ಕೈ ಹೊತ್ತ. ಅವನಿಗೂ ಹೇಳುವುದಿತ್ತು, ಅದು ಸುಳ್ಳೂ ಅಲ್ಲ.

“ಯಲಿಗಾರ ಸರ್, ಇಲ್ಲಿಂದನ ಇಂಟರ್ನೆಟ್ಟಿನ್ಯಾಗ ಎಲ್ಲಾ ಗಾಡಿಗೂ ಸೊನ್ನಿ ಬದಲಸೂದು ಮೂರು ದಿನದ ಕೆಲಸ, ಒಪ್ಪತೀನಿ. ಆದ್ರ ಬ್ರೇಕಿನ ವಿಷಯ. ಕಾರಣ ಬರೀದ ಯಾವ ದೇಶದವ್ರೂ ಅನುಮತಿ ಕೊಡೂದಿಲ್ಲ. ಕಾರಣ ಅಂತ ಏನ ಬರೀತೀರಿ? ಅಂಜಿದ ಹೆಂಡತಿ ಮ್ಯಾಲೆ ಅಳತಿ ತಗೊಂಡ ಗಾಡಿ ಅಂತ ನಾಳೆ ಎಲ್ಲಾ ಪೇಪರಿನ್ಯಾಗ ಬರತೈತಿ. ನಿಮ್ಮ ಟಿವಿ ಸಂದರ್ಶನ ಬ್ಯಾರೆ ಐತಿ.”

“ಬ್ಯಾರೆ ದಾರಿ?”

“ಮ್ಯಾಟಿನ ಬಿಲ್ಲಿ ಕೆಟ್ಟಾವ ಅಂತ ಬರಕೊಡ್ರಿ. ಎಲ್ಲಾ ಗಾಡಿಗೂ ಹೊಸಾ ಮ್ಯಾಟ ಹಾಕೂಣು, ಹಾಕೂವಾಗ ಸುಮ್ಮನ ಸೊನ್ನೀನೂ ಬದಲಸೂಣು. ಎಂಟು ತಿಂಗಳು ಹಿಡಿಬಹುದು. ಯಾರಿಗೂ ಏನೂ ಗೊತ್ತಾಗೂದಿಲ್ಲ. ನಿಮ್ಮ ಮರ್ಯಾದಿನೂ ಉಳಿತೈತಿ.”

ಎಂಟು ತಿಂಗಳು. ಅಷ್ಟು ದಿನ ಆ ಗಾಡಿಗಳು ಹಾಗೆಯೇ ಓಡುತ್ತವೆ. ಎಷ್ಟೋ ಹೆಂಗಸರು ಒತ್ತುತ್ತಾರೆ, ಗಾಡಿ ಕೇಳುವುದಿಲ್ಲ. ಸಾಧನವನ್ನು ಬಂದ್ ಮಾಡಿಬಿಡೋಣ ಎಂದರೆ ಅದಕ್ಕೂ ಅದೇ ಅನುಮತಿ, ಅದೇ ಕಾರಣದ ಪ್ರಶ್ನೆ. ನಿಜ ಹೇಳುತ್ತೇನೆ, ಎರಡು ದಿನ ನಾನು ಕೊಪ್ಪೀಕರನ ಮಾತಿನ ಕಡೆಗೇ ವಾಲಿದ್ದೆ. ಮರ್ಯಾದೆ ಎಂಬುದು ಅಷ್ಟು ಸುಲಭಕ್ಕೆ ಬಿಡುವ ವಸ್ತುವಲ್ಲ. ಮೂರನೇ ದಿನ ಪೋರ್ಚುಗಲ್‌ನ ಆ ಮುದುಕ ಊರುಗೋಲಿನ ಮೇಲೆ ನಿಲ್ಲಲು ಕಲಿಯುತ್ತಿರುವ ಚಿತ್ರ ಬಂತು. ನಾಚಿಕೆಯಾಯಿತು. ಅನುಮತಿಯ ಅರ್ಜಿಯನ್ನು ತೆಗೆದು ‘ಕಾರಣ’ ಎಂಬ ಜಾಗದಲ್ಲಿ ಬರೆದೆ: ಆಧಾರ ಪ್ರಯಾಣಿಕಳು ಶಾಂತವಾಗಿರಲಿಲ್ಲ, ಚಾಲಕನಿಗೆ ಹೆದರಿದ್ದಳು, ಆ ಚಾಲಕ ನಾನು.

ಆದರೆ ಅರ್ಜಿ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಜೊತೆಗೆ ಆಧಾರ ಪ್ರಯಾಣಿಕರ ಹೇಳಿಕೆ ಬೇಕು. ಅವರೇ ತಮ್ಮ ಕೈಯಾರೆ ತಮ್ಮ ಮಾತೃಭಾಷೆಯಲ್ಲಿ ಬರೆದು ಸಹಿ ಮಾಡಬೇಕು. ಒಂದೇ ಹಾಳೆ. ಮೇಲೆ ಒಂದು ಪ್ರಶ್ನೆ: ಪರೀಕ್ಷೆಯ ಅವಧಿಯಲ್ಲಿ ನಿಮಗೆ ಭಯವಿತ್ತೇ, ಇದ್ದರೆ ಯಾವುದರ ಭಯ? ಕೆಳಗೆ ಉತ್ತರಕ್ಕೆ ಮೂರು ಸಾಲು.

ಭಾನುವಾರ ಬೆಳಗಿನ ನಾಷ್ಟಾ ಮುಗಿದಿತ್ತು. ಕಸ್ತೂರಿ ಊಟದ ಮೇಜಿನ ಮುಂದೆ ತೊಗರಿಕಾಯಿ ಸುಲಿಯುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅಳುಕು ಎಂದರೆ ಏನು, ಮೈನಸ್ ಮೂವತ್ತೆಂಟು ಎಂದರೆ ಏನು, ನನ್ನನ್ನು ಕಂಡಾಗ ಏನಾಯಿತು, ಎಲ್ಲ. ಅವಳ ಬೆರಳು ಮೆಲ್ಲಗಾಗಿ ನಿಂತವು.

“ಅದೆಲ್ಲಾ ಅಂಕಿಯೊಳಗ ಗೊತ್ತಾಗತೈತೇನ್ರಿ?”

“ಗೊತ್ತಾಗತೈತಿ.”

“ಹತ್ತೊಂಬತ್ತು ತಿಂಗಳದ್ದೂ?”

“ಹೂಂ.”

ಅವಳು ಸುಲಿದ ಕಾಳನ್ನೆಲ್ಲ ಬಟ್ಟಲಿಗೆ ಸರಿಸಿದಳು. ನನಗೆ ತಡೆಯಲಾಗಲಿಲ್ಲ. “ನಾ ಎಂದೂ ನಿನ್ನ ಮ್ಯಾಲೆ ಕೈ ಎತ್ತಿಲ್ಲಲ್ಲ ಕಸ್ತೂರಿ?” ಎಂದೆ.

“ಎತ್ತಿಲ್ಲ.”

“ಮತ್ತ?”

“ಯಾವಾಗ ಸಿಟ್ಟಿಗೆ ಬಂದು ಒದರಾಡತೀರಿ ಅಂತ ಗೊತ್ತ ಇರೂದಿಲ್ಲಲ್ರೀ” ಎಂದಳು. ದೂರುವ ದನಿಯಲ್ಲ, ಅಂಗಡಿಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವ ದನಿ. “ಗೊತ್ತಿದ್ರ ಮನಸು ಗಟ್ಟಿ ಮಾಡಕೊಂಡು ಕೂಡಬಹುದು. ಗೊತ್ತಿಲ್ಲ ಅಂದ್ರ ಯಾವಾಗ್ಲೂ ಹಂಗ ಕೂಡಬೇಕು.”

ನಾನು ಮೇಜಿನ ಮೇಲೆ ಹಾಳೆ ಇಟ್ಟೆ, ಪೆನ್ನು ಇಟ್ಟೆ. ಅವಳು ಕೈ ಒರೆಸಿಕೊಂಡು ಹಾಳೆಯನ್ನು ತನ್ನ ಕಡೆ ತಿರುಗಿಸಿ ಪ್ರಶ್ನೆ ಓದಿದಳು.

“ಬರೀಲಿಲ್ಲ ಅಂದ್ರ?”

“ಎಂಟು ತಿಂಗಳು ಗಾಡಿ ಹಿಂಗ ಓಡತಾವ.”

“ಬರದ್ರ?”

“ಮೂರು ದಿನ.”

“ನಿಮಗೇನಾಗತೈತಿ?”

“ಹುದ್ದೆ ಹೋಗಬಹುದು. ಮಂದಿಗೆಲ್ಲಾ ಗೊತ್ತಾಗತೈತಿ.”

ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ನೋಡಿದ್ದು ಯಾವಾಗ ಎಂದು ನೆನಪಾಗಲಿಲ್ಲ.

“ನಾ ಬರದಿದ್ದನ್ನ ಓದಿ ಸಿಟ್ಟಾಗತೀರೇನು?”

ಇಲ್ಲ ಎನ್ನಬೇಕೆಂದುಕೊಂಡೆ. ಆ ಮಾತು ಬಾಯಿಗೆ ಬಂದಿತ್ತು. ಆದರೆ ಅದು ನಿಜವೋ ಸುಳ್ಳೋ ನನಗೇ ತಿಳಿದಿರಲಿಲ್ಲ, ಅವಳಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಗೊತ್ತಿಲ್ಲ” ಎಂದೆ.

ಅವಳು ತಲೆಯಾಡಿಸಿದಳು. ಪೆನ್ನಿನ ಮುಚ್ಚಳ ತೆಗೆದಳು. ಮೊದಲ ಸಾಲನ್ನು ನಿಧಾನವಾಗಿ ಬರೆದಳು, ಎರಡನೆಯದನ್ನು ಸ್ವಲ್ಪ ಬೇಗ. ಮೂರನೇ ಸಾಲು ತುಂಬಿತು. ಅಲ್ಲಿಗೆ ನಿಲ್ಲುತ್ತಾಳೆ ಎಂದುಕೊಂಡೆ. ಅವಳು ಅಂಚಿನ ಖಾಲಿ ಜಾಗದಲ್ಲಿ ಬರೆದಳು, ಹಾಳೆ ಅಡ್ಡ ತಿರುಗಿಸಿ ಬರೆದಳು, ಬೋರಲು ಹಾಕಿ ಹಿಂದೆ ಬರೆಯತೊಡಗಿದಳು. ತಲೆ ಎತ್ತಲಿಲ್ಲ. ಗಡಿಯಾರದಲ್ಲಿ ಹನ್ನೊಂದು ಹೊಡೆಯಿತು, ಹನ್ನೊಂದೂವರೆ ಆಯಿತು. ನಾನು ಎದುರಿಗೆ ಉಳಿದ ತೊಗರಿಕಾಯಿ ಸುಲಿಯುತ್ತ ಕೂತಿದ್ದೆ.

ಹಿಂಬದಿಯ ಕೊನೆಯ ಸಾಲು ಮುಗಿದಾಗ ಅವಳು ಪೆನ್ನು ಎತ್ತಿ ಹಿಡಿದೇ ಕೇಳಿದಳು.

“ಇನ್ನೊಂದು ಹಾಳಿ ಐತೇನ್ರಿ?”

ನಾನು ಎದ್ದು ಒಳಕೋಣೆಗೆ ಹೋದೆ. ಎಷ್ಟು ಬೇಕು ಎಂದು ಅಲ್ಲಿಂದಲೇ ಕೂಗಿ ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಪ್ರಿಂಟರಿನಲ್ಲಿ ಇದ್ದಷ್ಟು ಹಾಳೆಯನ್ನೂ ತಂದು ಅವಳ ಮುಂದಿಟ್ಟೆ.